ಲಿಥಾ ಆಚರಣೆಗೆ ಕರೆ ಬಂದಿದೆ, ಹೋಗಿಬಂದವರ ಅನುಭವ ಬೇಕಿತ್ತು

ಪ್ರಶ್ನೆ, ರೆಡಿಂಗ್‌ನಿಂದ:
ಇಂಗ್ಲೆಂಡಿಗೆ ಬಂದು ಎರಡು ವರ್ಷವಾಯಿತು. ನನ್ನೊಡನೆ ಕೆಲಸ ಮಾಡುವ ಹಿರಿಯ ಮಹಿಳೆಯೊಬ್ಬರು ಪ್ರಕೃತಿಪೂಜೆಯೊಂದಿಗೆ ಮಾಟವಿದ್ಯೆಯನ್ನೂ ಆಚರಿಸುವ ವಿಕ್ಕಾ ಮತದವರು. ವರ್ಷದ ಅತಿ ದೀರ್ಘ ಹಗಲಾದ ಜೂನ್ 21ರ ಸಂಜೆ ತಮ್ಮ ಹಿತ್ತಿಲಿನಲ್ಲಿ ನಡೆಯುವ ಲಿಥಾ ಆಚರಣೆಗೆ ನನ್ನನ್ನು ಕರೆದಿದ್ದಾರೆ. ಅಲ್ಲಿ ಏನೇನು ನಡೆಯುತ್ತದೆ, ಸಸ್ಯಾಹಾರಿಯಾದ ನಾನು ಏನು ಒಯ್ಯಬೇಕು, ಮನೆಯಲ್ಲಿ ನಿತ್ಯವೂ ದೇವರಿಗೆ ದೀಪ ಹಚ್ಚುವವಳು ಇದರಲ್ಲಿ ಎಷ್ಟರ ಮಟ್ಟಿಗೆ ಪಾಲ್ಗೊಳ್ಳಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಬ್ರಿಸ್ಟಲ್‌ನಿಂದ:
ನೆರೆಮನೆಯವರು ಕರೆದದ್ದರಿಂದ ನಾನು ಮೂರು ಬಾರಿ ಇಂತಹ ಕೂಟಕ್ಕೆ ಹೋಗಿದ್ದೇನೆ. ಇದು ಸಾವಿರಾರು ವರ್ಷಗಳ ಮತವೆಂದು ಅಲ್ಲಿ ಯಾರಾದರೂ ಹೇಳಬಹುದು. ವಾಸ್ತವವಾಗಿ ವಿಕ್ಕಾ ರೂಪುಗೊಂಡದ್ದು 20ನೆಯ ಶತಮಾನದ ನಡುಭಾಗದಲ್ಲಿ, ಇಂಗ್ಲೆಂಡಿನಲ್ಲಿಯೇ. ಮಾಟಗಾರಿಕೆಯ ಕುರಿತ ಹಳೆಯ ಕಾಯ್ದೆ 1951ರಲ್ಲಿ ರದ್ದಾದ ಬಳಿಕ ಇಂಗ್ಲಿಷ್ ಲೇಖಕ ಜೆರಾಲ್ಡ್ ಗಾರ್ಡ್‌ನರ್ ಅದನ್ನು ಬಹಿರಂಗವಾಗಿ ಪರಿಚಯಿಸಿದರು. ಲಿಥಾ ಎಂಬ ಹೆಸರು ಮಾತ್ರ ಹಳೆಯದು: ಜೂನ್ ಮತ್ತು ಜುಲೈಗೆ ಸಮನಾದ ಆಂಗ್ಲೋ-ಸ್ಯಾಕ್ಸನ್ ತಿಂಗಳುಗಳನ್ನು ಹಾಗೆ ಕರೆಯುತ್ತಿದ್ದರೆಂದು 8ನೆಯ ಶತಮಾನದ ಸನ್ಯಾಸಿ ಬೀಡ್ ಬರೆದಿಟ್ಟಿದ್ದಾನೆ.

ವಿಧಿಯನ್ನು ನಡೆಸುವವರು ಮೊದಲು ಸೂರ್ಯ ಸಾಗುವ ದಿಕ್ಕಿನಲ್ಲಿ, ಎಂದರೆ ನಮ್ಮ ಪ್ರದಕ್ಷಿಣೆಯಂತೆಯೇ ನಡೆದು ಒಂದು ವೃತ್ತವನ್ನು ಕಲ್ಪಿಸುತ್ತಾರೆ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಭೂಮಿ ಎಂದು ನಾಲ್ಕು ದಿಕ್ಕುಗಳನ್ನು ಕರೆದ ಮೇಲೆ ದೇವಿಯನ್ನೂ ದೇವನನ್ನೂ ಆವಾಹಿಸುತ್ತಾರೆ. ನಾನು ಕಂಡ ಕೂಟದಲ್ಲಿ ಇಬ್ಬರು ಓಕ್ ಮರದ ರಾಜ ಮತ್ತು ಹಾಲಿ (holly) ಎಂಬ ಮುಳ್ಳೆಲೆಯ ಮರದ ರಾಜನ ವೇಷದಲ್ಲಿ ಕೋಲು ಹಿಡಿದು ಕಾದಾಡಿದರು. ಹಗಲು ಬೆಳೆಯುವ ಆರು ತಿಂಗಳಿಗೆ ಒಡೆಯನಾದ ಓಕ್ ರಾಜ ಅಂದು ಸೋಲಲೇಬೇಕು, ಏಕೆಂದರೆ ಮರುದಿನದಿಂದ ಹಗಲು ಕುಗ್ಗತೊಡಗುತ್ತದೆ. ಬೆಳಕು ತುಂಬಿ ತುಳುಕುವ ದಿನದಂದೇ ಅದರ ಇಳಿತವನ್ನು ನೆನೆಯುವ ಈ ಭಾಗ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಆಮೇಲೆ ಸಣ್ಣ ಬೆಂಕಿಗೆ ಒಣ ಗಿಡಮೂಲಿಕೆಗಳನ್ನು ಹಾಕಿ, ಕೇಕನ್ನೂ ಪಾನೀಯದ ಬಟ್ಟಲನ್ನೂ ಕೈಯಿಂದ ಕೈಗೆ ದಾಟಿಸಿದರು. ಮದ್ಯ ಬೇಡವೆಂದು ಮೊದಲೇ ತಿಳಿಸಿದ್ದರಿಂದ ನನಗೆ ಸೇಬಿನ ರಸ ಸಿಕ್ಕಿತು.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಊರಿನಿಂದ ಕರೆ ಬಂತೆಂದು ವಿಧಿಯ ನಡುವೆಯೇ ವೃತ್ತವನ್ನು ದಾಟಿ ಹೊರನಡೆದೆ. ಹೊರಗೆ ಹೋಗಬೇಕಾದರೆ ಕೇಳಬೇಕು, ಆಗ ನಡೆಸುವವರು ವೃತ್ತದಲ್ಲಿ ಬಾಗಿಲು ತೆರೆದು ಕಳುಹಿಸುತ್ತಾರೆ ಎಂಬುದು ಆಮೇಲೆ ತಿಳಿಯಿತು. ಒಯ್ಯಲು ಹಳದಿ ಹೂವು, ಸ್ಟ್ರಾಬೆರಿ, ಜೇನುತುಪ್ಪ ಯಾವುದಾದರೂ ಆದೀತು. ನಾನು ಚಿತ್ರಾನ್ನ ಒಯ್ದಿದ್ದೆ. ಅದರ ಸೂರ್ಯವರ್ಣವನ್ನು ಕಂಡು ಎಲ್ಲರಿಗೂ ಸಂತೋಷವಾಯಿತು. ಬೆಂಕಿಯ ಬಳಿ ದುಪಟ್ಟಾ ಬೇಡ. ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆಯೇ ಆದರೂ ಅನಂತರ ಚಳಿಯಾಗುತ್ತದೆ, ಸ್ವೆಟರ್ ಇರಲಿ.

ಲೆಸ್ಟರ್‌ನಿಂದ:
ಸಂಕೋಚದ ವಿಷಯವೊಂದನ್ನು ಹೇಳಲೇಬೇಕಾಗಿದೆ. ದೀಕ್ಷೆ ಪಡೆದವರ ಕೆಲವು ಗುಂಪುಗಳಲ್ಲಿ ವಿವಸ್ತ್ರರಾಗಿ ಆಚರಿಸುವ ಪದ್ಧತಿ ಉಂಟು. ಅತಿಥಿಗಳನ್ನು ಕರೆಯುವ ಹಿತ್ತಿಲಿನ ಕೂಟದಲ್ಲಿ ಅದು ಇರುವ ಸಂಭವ ತೀರ ಕಡಿಮೆಯಾದರೂ, ಏನು ಉಡಬೇಕೆಂದು ಮೊದಲೇ ಕೇಳಿಬಿಡುವುದು ಒಳ್ಳೆಯದು. ಎರಡನೆಯದಾಗಿ, ಈ ಹಬ್ಬಕ್ಕೆ ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವನ್ನು ಕೊಯ್ಯುವ ರೂಢಿ ಇದೆ. ಅದನ್ನು ಮುಡಿಯಲು ಅಡ್ಡಿಯಿಲ್ಲ, ಆದರೆ ಅದರ ಕಷಾಯ ಖಿನ್ನತೆಯ ಔಷಧಗಳೊಂದಿಗೂ ಗರ್ಭನಿರೋಧಕ ಮಾತ್ರೆಗಳೊಂದಿಗೂ ಹೊಂದುವುದಿಲ್ಲ. ಯಾವುದೇ ಔಷಧಿ ತೆಗೆದುಕೊಳ್ಳುತ್ತಿದ್ದರೆ ಕುಡಿಯಬೇಡಿ.

ದೇವರ ದೀಪದ ಪ್ರಶ್ನೆಗೆ ನನ್ನ ರೀತಿಯನ್ನಷ್ಟೇ ಹೇಳಬಲ್ಲೆ: ವೃತ್ತದಲ್ಲಿ ಎಲ್ಲರೊಂದಿಗೆ ನಿಲ್ಲುತ್ತೇನೆ, ಆವಾಹನೆಯ ಮಾತುಗಳನ್ನು ಮಾತ್ರ ಉಚ್ಚರಿಸುವುದಿಲ್ಲ. ಇದುವರೆಗೆ ಯಾರೂ ಒತ್ತಾಯಿಸಿಲ್ಲ. ಉತ್ಸಾಹದಲ್ಲಿ “ಇದು ನಮ್ಮ ದಕ್ಷಿಣಾಯನವೇ” ಎಂದು ವಿವರಿಸಲು ಹೋಗಿ ನಾನು ಸಿಕ್ಕಿಬಿದ್ದಿದ್ದೇನೆ. ಆಕಾಶದಲ್ಲಿ ಸೂರ್ಯ ದಕ್ಷಿಣಕ್ಕೆ ತಿರುಗುವುದು ಅಂದೇ ಆದರೂ, ವಿಷುವದ್ಬಿಂದುಗಳು (ಹಗಲಿರುಳು ಸಮನಾಗುವ ದಿನ ಸೂರ್ಯನಿರುವ ತಾಣಗಳು) ನಕ್ಷತ್ರಗಳ ನಡುವೆ ಹಿಂದೆ ಸರಿಯುತ್ತಿರುವುದರಿಂದ, ನಕ್ಷತ್ರಗಳನ್ನು ಆಧರಿಸಿದ ನಮ್ಮ ಪಂಚಾಂಗಗಳ ಕರ್ಕಾಟಕ ಸಂಕ್ರಮಣ ಜುಲೈ ನಡುವಿಗೆ ಬೀಳುತ್ತದೆ. ಇಷ್ಟನ್ನೂ ಬಿಡಿಸಿ ಹೇಳುವಷ್ಟರಲ್ಲಿ ಕೇಕ್ ಖಾಲಿಯಾಗಿತ್ತು.

ಸಾಲಿಸ್‌ಬರಿಯಿಂದ:
ಅವರು ಬೆಳಗಿನ ಜಾವ ಪ್ರಾಚೀನ ಶಿಲಾವೃತ್ತವಾದ ಸ್ಟೋನ್‌ಹೆಂಜ್‌ಗೂ ಕರೆದರೆ ಹೋಗಿಬನ್ನಿ. ಪ್ರವೇಶ ಉಚಿತ, ಸೂರ್ಯೋದಯ ಐದು ಗಂಟೆಗೆ ಕೆಲವೇ ನಿಮಿಷ ಮೊದಲು. ಮದ್ಯ, ಗಾಜಿನ ಬಾಟಲಿ, ಮೇಣದಬತ್ತಿ ಯಾವುದನ್ನೂ ಒಳಗೆ ಬಿಡುವುದಿಲ್ಲ, ಕಲ್ಲುಗಳನ್ನು ಹತ್ತುವಂತಿಲ್ಲ. ಅಲ್ಲಿ ಬಿಳಿ ನಿಲುವಂಗಿಯಲ್ಲಿ ಕಾಣುವವರು ಹೆಚ್ಚಾಗಿ ಡ್ರೂಯಿಡರು, ಪ್ರಾಚೀನ ಕೆಲ್ಟಿಕ್ ಪುರೋಹಿತರ ಹೆಸರನ್ನು ತಳೆದ ಬೇರೊಂದು ಪ್ರಕೃತಿಪೂಜಕ ಪಂಥದವರು. ಅವರನ್ನು ವಿಕ್ಕಾದವರೆಂದು ಕರೆದರೆ ಇಬ್ಬರಿಗೂ ಇಷ್ಟವಾಗದು.

ರೆಡಿಂಗ್‌ನಿಂದ ಮತ್ತೆ:
ಎಲ್ಲರಿಗೂ ಕೃತಜ್ಞತೆಗಳು. ಉಡುಪಿನ ವಿಷಯ ಕೇಳಿದೆ. ಅವರು ಜೋರಾಗಿ ನಕ್ಕು, ಸೊಳ್ಳೆ ಕಚ್ಚದಂತೆ ಮೈತುಂಬ ಬಟ್ಟೆ ಹಾಕಿಕೊಂಡು ಬಾ ಎಂದರು. ಚಿತ್ರಾನ್ನ ಒಯ್ಯುವುದೆಂದು ನಿಶ್ಚಯಿಸಿದ್ದೇನೆ, ಆದರೆ ಅತಿಥಿಗಳಲ್ಲಿ ಒಬ್ಬರಿಗೆ ಕಡಲೆಕಾಯಿ ಅಲರ್ಜಿಯಂತೆ. ಒಗ್ಗರಣೆಗೆ ಬರಿಯ ಕಡಲೆಬೇಳೆ ಹಾಕುತ್ತೇನೆ.