14 ವರ್ಷದ ಮಗಳು ಊಟ ಬಿಡುತ್ತಿದ್ದಾಳೆ, ಅನುಭವ ಇದ್ದವರು ಹೇಳಿ

ಕೇಳಿದವರು: ನಾಲ್ಕು ತಿಂಗಳಲ್ಲಿ ಮಗಳು 9 ಕೆಜಿ ಇಳಿದಿದ್ದಾಳೆ. ಕೇಳಿದರೆ ‘ಹಸಿವಿಲ್ಲ’ ಅನ್ನುತ್ತಾಳೆ. ಗದರಿದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ವಯಸ್ಸಿನ ಹಟ ಅಂತ ಬಿಡಬಹುದಾ?

ಮೈಸೂರಿನ ಒಬ್ಬ ಅಮ್ಮ: ದಯವಿಟ್ಟು ಬಿಡಬೇಡಿ. ಇದು ಹಟ ಅಲ್ಲದೆ ಈಟಿಂಗ್ ಡಿಸಾರ್ಡರ್, ಅಂದರೆ ಊಟಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆ ಇರಬಹುದು. ನಾವು ಹಾಗೆ ಆರು ತಿಂಗಳು ಕಳೆದೆವು. ನಮ್ಮವಳದು ಶುರುವಾಗಿದ್ದು ಸೋಮವಾರದ ಒಪ್ಪೊತ್ತಿನಿಂದ. ಆಮೇಲೆ ಗುರುವಾರ, ಶನಿವಾರವೂ ಸೇರಿದವು. ದೇವರ ಹೆಸರು ಹೇಳಿದರೆ ಬೇಡ ಅನ್ನೋದು ಹೇಗೆ, ಅಲ್ವಾ? ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಹಾಕುತ್ತಿದ್ದಳು. ಒಂದು ದಿನ ಬ್ಯಾಗ್ ಒಗೆಯಲು ತೆಗೆದೆ. ಜಾಮಿಟ್ರಿ ಬಾಕ್ಸಿನೊಳಗೆ ಟಿಶ್ಯೂ ಸುತ್ತಿದ ಚಪಾತಿ ಚೂರುಗಳು, ಬೂಷ್ಟು ಹಿಡಿದು ಹಸಿರಾಗಿದ್ದವು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ನಾಡಿ, ಬಿಪಿ, ಇಸಿಜಿ, ರಕ್ತದ ಪೊಟ್ಯಾಸಿಯಂ ನೋಡಿಸಿ. ಮುಟ್ಟು ನಿಂತಿದ್ದರೆ ಮುಚ್ಚಿಡದೆ ಹೇಳಿ. ಕಾಯಿಲೆ ಜೋರಾಗಿದ್ದಾಗಲೂ ರಕ್ತದ ರಿಪೋರ್ಟ್ ಸರಿಯಾಗಿಯೇ ಬರಬಹುದು, ಅದನ್ನು ನಂಬಿ ಕೂರಬೇಡಿ. ತುಂಬ ಸೊರಗಿದ್ದರೆ ನೀವಾಗಿಯೇ ಒಮ್ಮೆಲೇ ಜಾಸ್ತಿ ತಿನ್ನಿಸಲೂ ಬೇಡಿ. ರಕ್ತದಲ್ಲಿ ಫಾಸ್ಫೇಟ್ ಇಳಿದು ಹೃದಯಕ್ಕೆ ಅಪಾಯ ಆಗಬಹುದು. ಎಷ್ಟರಿಂದ ಶುರು ಮಾಡಬೇಕು ಅಂತ ಡಾಕ್ಟರೇ ಹೇಳಲಿ.

ಜೊತೆಗೆ ಮಕ್ಕಳ ಮನೋವೈದ್ಯರು ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು, ಹದಿಹರೆಯದವರಿಗೆಂದೇ ವಿಭಾಗ ಇದೆ. ನಮ್ಮ ಡಾಕ್ಟರು ಹೇಳಿದ್ದು ಇಷ್ಟು: ಸದ್ಯಕ್ಕೆ ಊಟವೇ ಔಷಧಿ, ಅದನ್ನು ಕೊಡುವ ಹೊಣೆ ಅಪ್ಪ ಅಮ್ಮನದು. ‘ತಿಂತೀಯಾ?’ ಅಂತ ಕೇಳಬಾರದು. ಬಡಿಸಿ ಪಕ್ಕದಲ್ಲಿ ಕೂರಬೇಕು. ಮೊದಲ ದಿನ ಒಂದು ದೋಸೆಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ತಟ್ಟೆ ತಳ್ಳಿದಳು, ಬಾಯಿಗೆ ಬಂದಂತೆ ಬೈದಳು. ಬೈಯುತ್ತಿರೋದು ಕಾಯಿಲೆ, ನನ್ನ ಮಗು ಅಲ್ಲ ಅಂತ ಮನಸ್ಸಲ್ಲೇ ಹೇಳಿಕೊಳ್ಳುತ್ತಿದ್ದೆ. ತೂಕದ ಮಷಿನ್ ಮನೆಯಿಂದಲೇ ಸಾಗಹಾಕಿದೆವು. ‘ಸಣ್ಣಗಾಗಿ ಚೆನ್ನಾಗಿ ಕಾಣ್ತೀಯಾ’ ಅನ್ನುವ ನೆಂಟರಿಗೂ ಮೊದಲೇ ಫೋನ್ ಮಾಡಿ ಹೇಳಿದೆ. ಒಂದೂವರೆ ವರ್ಷ ಆಯಿತು. ಹೋದ ವಾರ ಅವಳಾಗಿಯೇ ಎರಡನೇ ಸಲ ಸಾರು ಹಾಕಿಸಿಕೊಂಡಳು.

ಒಬ್ಬ ಸೋದರಮಾವ: ಇದು ಹುಡುಗರಿಗೂ ಬರುತ್ತದೆ. ಅಕ್ಕನ ಮಗನಿಗೆ 16. ಊಟ ಆದ ಕೂಡಲೇ ಬಾತ್‌ರೂಮಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ವಾಂತಿ ಮಾಡುತ್ತಿದ್ದ. ಹಲ್ಲು ಸವೆದಿದ್ದು ನೋಡಿ ಮೊದಲು ಅನುಮಾನ ಪಟ್ಟಿದ್ದು ಹಲ್ಲಿನ ಡಾಕ್ಟರು. ಈಗ ಊಟ ಆದ ಮೇಲೆ ಒಂದು ಗಂಟೆ ಅವನ ಜೊತೆ ಚೌಕಾಬಾರ ಆಡುತ್ತೇವೆ. ಅಕ್ಕನಿಗೆ ರಾತ್ರಿ ದಿಕ್ಕು ತೋಚದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416, ಫೋನ್ ಮಾಡಿದ್ದೆವು. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ, ದಿನದ 24 ಗಂಟೆಯೂ ಸಿಗುತ್ತಾರೆ. ಆದರೆ ತಲೆ ಸುತ್ತಿ ಬಿದ್ದರೆ, ಸಾಯುವ ಮಾತಾಡಿದರೆ ಫೋನಿಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೇಳಿದವರು: ಸ್ವೆಟರ್ ಅಂತ ಓದಿ ಎದೆ ಝಲ್ ಅಂತು. ಇವಳೂ ಹಾಕುತ್ತಾಳೆ. ನಾಳೆ ಬೆಳಿಗ್ಗೆಯೇ ಹೋಗುತ್ತೇವೆ.