ಸಹಾಯ ಬೇಕು: ತೀರ್ಥಹಳ್ಳಿ ಕಡೆ ಅಳತೆ ತೆಗೆಯಲು ಒಂದು ತೊಟ್ಟಿಮನೆ

ಎಲ್ಲರಿಗೂ ನಮಸ್ಕಾರ. ನಾನು ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮೂರನೇ ವರ್ಷದ ವಿದ್ಯಾರ್ಥಿನಿ. ಈ ಸೆಮಿಸ್ಟರ್‌ನ ಸ್ಟುಡಿಯೋಗೆ (ವಿನ್ಯಾಸದ ತರಗತಿಗೆ) ತೀರ್ಥಹಳ್ಳಿಯಲ್ಲಿ ಒಂದು ಸಣ್ಣ ಗ್ರಂಥಾಲಯ ವಿನ್ಯಾಸ ಮಾಡುತ್ತಿದ್ದೇನೆ. ನಡುವೆ ತೊಟ್ಟಿ (ಮೇಲೆ ತೆರೆದಿರುವ ಒಳಅಂಗಳ), ಸುತ್ತ ಜಗಲಿ, ಮೇಲೆ ಮಂಗಳೂರು ಹೆಂಚು. ಪ್ಲಾನ್ ಏನೋ ಚೆನ್ನಾಗಿದೆ. ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಚಿತ್ರ) ಬರೆಯಲು ಕೂತರೆ ತಲೆನೋವು ಶುರು. ಮಲೆನಾಡಿನ ಮಳೆ ನಾಲ್ಕೂ ಕಡೆಯ ಇಳಿಜಾರು ಮಾಡಿನಿಂದ ತೊಟ್ಟಿಗೇ ಸುರಿಯುತ್ತದೆ ಅಲ್ವಾ? ಎರಡು ಮಾಡು ಕೂಡುವ ಒಳಮೂಲೆಯಲ್ಲಿ ಸೋರದ ಹಾಗೆ ಏನು ಮಾಡುತ್ತಿದ್ದರು? ಸೂರು ಎಷ್ಟು ಮುಂದೆ ಚಾಚಿರುತ್ತದೆ? ತೊಟ್ಟಿ ಎಷ್ಟು ಆಳ, ನೀರು ಹೊರಹೋಗುವ ದಾರಿ ಎಲ್ಲಿ? ಇಂಟರ್ನೆಟ್‌ನಲ್ಲಿ ಹುಡುಕಿದರೆ ಬರೀ ಕಂಬಗಳ ಫೋಟೋ!

ಆ ಕಡೆ ನಿಮ್ಮದೋ ನೆಂಟರದೋ ಹಳೆಯ ತೊಟ್ಟಿಮನೆ ಇದ್ದರೆ, ಒಂದು ದಿನ ಟೇಪ್ ಹಿಡಿದು ಅಳೆಯಲು ಬಿಡುತ್ತೀರಾ? ದೇವರಕೋಣೆ, ಅಡುಗೆಮನೆ ಕಡೆ ಬರುವುದಿಲ್ಲ. ತೊಟ್ಟಿ, ಜಗಲಿ, ಮಾಡು ಸಾಕು. 1:50 ಸ್ಕೇಲಿನಲ್ಲಿ ಬರೆದ ಡ್ರಾಯಿಂಗ್‌ಗಳ ಒಂದು ಪ್ರತಿ ನಿಮಗೂ ಕೊಡುತ್ತೇನೆ. ಹೆಂಚಿನ ಮಾಡು ಕಟ್ಟುವ ಹಿರಿಯ ಬಡಗಿಗಳ ಪರಿಚಯ ಇದ್ದರೆ ಇನ್ನೂ ಒಳ್ಳೆಯದು.

ಆಫೀಸ್ ನಡೆಸುವ ಆರ್ಕಿಟೆಕ್ಟ್‌ಗಳಿಗೆ ಇನ್ನೊಂದು ಪ್ರಶ್ನೆ. ಇಂಟರ್ನ್‌ಶಿಪ್‌ಗೆ ಕಳಿಸುವ ಪೋರ್ಟ್‌ಫೋಲಿಯೋದಲ್ಲಿ ಇಂಥ ಅಳತೆಯ ಡ್ರಾಯಿಂಗ್ ನೋಡುತ್ತೀರಾ, ಇಲ್ಲ ಥಳಕಿನ ಕಂಪ್ಯೂಟರ್ ರೆಂಡರ್‌ಗಳೇ ಜಾಸ್ತಿ ಬೇಕಾ? ಸುಮ್ನೆ ಸಮಾಧಾನಕ್ಕೆ ಬೇಡ, ನಿಜ ಹೇಳಿ.