ಅಪ್‌ಡೇಟ್: ಬದಿಯಡ್ಕದ ಹಳೇ ಮನೆಯಲ್ಲಿ ಇಲೆಕ್ಟ್ರಿಕ್ ಕಾರಿನ ಚಾರ್ಜಿಂಗ್

ಸಿಂಗಲ್ ಫೇಸ್ ಇರುವ ಹಳೇ ಮನೆಯಲ್ಲಿ ಇಲೆಕ್ಟ್ರಿಕ್ ಕಾರು ಚಾರ್ಜ್ ಮಾಡಬಹುದಾ, ದೊಡ್ಡ ಚಾರ್ಜರ್ ಬೇಕೇ ಬೇಕಾ ಅಂತ ವಿಷುವಿಗೆ ಮೊದಲು ಕೇಳಿದ್ದೆ. ಕಾರು ಬಂತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ದೊಡ್ಡದು ಹಾಕಿಸಲಿಲ್ಲ. 7.2 ಕಿಲೋವ್ಯಾಟ್ ಚಾರ್ಜರ್ ಸುಮಾರು 32 ಆಂಪಿಯರ್ ಎಳೆಯುತ್ತದೆ. ಜೊತೆಗೆ ತೋಟದ ಪಂಪೂ ಓಡಿದರೆ ನಮ್ಮ ಲೈನ್ ತಡೆಯುವುದಿಲ್ಲ. ಮೀಟರ್ ಬೋರ್ಡಿನಿಂದ ಬೇರೆಯೇ ತಾಮ್ರದ ವಯರ್ ಎಳೆಸಿ, ಅದಕ್ಕೇ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಕೊಟ್ಟು 16 ಆಂಪಿಯರ್ ಪ್ಲಗ್ ಹಾಕಿಸಿದೆ. ಗಂಟೆಗೆ ಹೆಚ್ಚುಕಡಿಮೆ 3 ಯೂನಿಟ್ ಏರುತ್ತದೆ. 30 ಯೂನಿಟ್ಟಿನ ಬ್ಯಾಟರಿ ಶೇ. 20ರಿಂದ 80ಕ್ಕೆ ಬರಲು ಆರೇಳು ಗಂಟೆ, ಅಂದರೆ ಒಂದು ನಿದ್ದೆ.

ನಿಜವಾದ ತಲೆನೋವು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ. ಪ್ಲಗ್ ಹಾಕಿದ ಕೂಡಲೇ ಸಣ್ಣ ಚಾರ್ಜರಿನಲ್ಲಿ ಕೆಂಪು ದೀಪ, ಕಾರು ತೆಪ್ಪಗೆ. ನಮ್ಮದು ಮುರಕಲ್ಲಿನ ಗುಡ್ಡೆ, ಬೇಸಗೆಯಲ್ಲಿ ನೆಲ ಒಣಗಿದರೆ ಅರ್ತ್ ಸರಿಯಾಗಿ ಸಿಗುವುದಿಲ್ಲ. ಇಲೆಕ್ಟ್ರಿಷಿಯನ್ ಅಂಗಳವೆಲ್ಲ ಸುತ್ತಿ, "ಅಣ್ಣಾ, ಇಲ್ಲಿ ಬೇಡ, ಬಚ್ಚಲುನೀರು ಹೋಗುವ ತೆಂಗಿನ ಬುಡದಲ್ಲಿ ಹಾಕುವ" ಎಂದರು. ಅಲ್ಲಿ ಹೊಸ ರಾಡ್ ಇಳಿಸಿದ ಮೇಲೆ ಹಸಿರು ದೀಪ. ಫ್ರಿಜ್ಜು, ಟಿವಿ ಇಷ್ಟು ವರ್ಷ ಅರ್ತ್ ಕೇಳಿರಲೇ ಇಲ್ಲ ನೋಡಿ!

ಮಂಗಳೂರಿಗೆ ಹೋಗಿ ಬರಲು ಮನೆಯ ಚಾರ್ಜೇ ಸಾಕು. ದೂರಕ್ಕೆ ಹೋದರೆ ಸಿಸಿಎಸ್2 ಗನ್ (ಕಾರಿಗೆ ಸಿಕ್ಕಿಸುವ ದೊಡ್ಡ ಪ್ಲಗ್) ಇರುವ ಫಾಸ್ಟ್ ಚಾರ್ಜರ್, ಶೇ. 80 ದಾಟಿದ ಮೇಲೆ ವೇಗ ಇಳಿಯುವುದರಿಂದ ಅಲ್ಲಿಗೇ ಗನ್ ತೆಗೆದು ಹೊರಡುವುದು. ಕರೆಂಟ್ ಕಂಬದ ಮೇಲಿನ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಚಾರ್ಜರ್ ಮುಖ್ಯವಾಗಿ ಆಟೋ, ಸ್ಕೂಟರಿಗೆ. ಕಾರಿಗೆ ಅದನ್ನು ನಂಬಿ ಹೊರಡಬೇಡಿ.

ಸಿಡಿಲಿನ ಬಗ್ಗೆ ಕೇಳಿದವರಿಗೆ: ಗುಡುಗು ಶುರುವಾಗುವ ಲಕ್ಷಣ ಕಂಡರೆ ಪ್ಲಗ್ ಮೊದಲೇ ಕಳಚಿಡುತ್ತೇನೆ.